ತಿಂಗಳ 18ಕ್ಕೆ ಬರುವ 5,550 ರೂಪಾಯಿ

ನಾನು ರಿಟೈರ್ ಆಗಿದ್ದು 2023ರ ಜೂನ್ ಕೊನೆಗೆ. ಹೂಟಗಳ್ಳಿ ಕಡೆಯ ಒಂದು ಖಾಸಗಿ ಕಾರ್ಖಾನೆ, 58ಕ್ಕೆ ಮನೆಗೆ. ಪಿಎಫ್ ಕಡೆಯಿಂದ ಬರುವ ಪಿಂಚಣಿ ನಾಲ್ಕು ಸಾವಿರಕ್ಕೂ ಸ್ವಲ್ಪ ಕಡಿಮೆ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕೈಗೆ ಬಂದಿದ್ದು 36 ಲಕ್ಷ. ಮೈಸೂರಲ್ಲೇ ಸ್ವಂತ ಮನೆ, ಮಗಳ ಮದುವೆ ಮುಗಿದಿದೆ. ನಮ್ಮಿಬ್ಬರ ಸಂಸಾರಕ್ಕೆ ತಿಂಗಳಿಗೆ 23 ಸಾವಿರ ಇದ್ದರೆ ನಡೆಯುತ್ತದೆ.

ಅದಕ್ಕೂ ಮುಂಚೆ ಮಾಡಿಕೊಂಡ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲಸದಲ್ಲಿದ್ದಾಗಲೇ ಒಂದು ಸೊಸೈಟಿಯಲ್ಲಿ ಎರಡು ಲಕ್ಷ ಇಟ್ಟಿದ್ದೆ. ಶೇ. 12 ಬಡ್ಡಿ, ತಿಂಗಳಿಗೆ ಎರಡು ಸಾವಿರ ಮನೆ ಬಾಗಿಲಿಗೇ ತಂದುಕೊಡುತ್ತಿದ್ದರು. ಪಿಗ್ಮಿ ಕಟ್ಟಿಸಿಕೊಳ್ಳುವ ಹುಡುಗ ಗುರುತಿನವನು. 'ನಾನಿದ್ದೀನಲ್ಲ ಸಾರ್' ಅಂದ. ಹನ್ನೊಂದು ತಿಂಗಳು ಬಂತು. ಹನ್ನೆರಡನೇ ತಿಂಗಳು ಹುಡುಗನೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇರುತ್ತದೆ. ಸಹಕಾರಿ ಬ್ಯಾಂಕಿಗೂ ಉಂಟು, ಸೊಸೈಟಿಗೆ ಇಲ್ಲ. ಆ ವ್ಯತ್ಯಾಸ ನನಗೆ ಆಮೇಲೆ ಗೊತ್ತಾಯಿತು.

ಹಾಗಾಗಿ ಈ ಸಲ ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆಯಾದರೂ ಪರವಾಗಿಲ್ಲ, ಬರುವ ತಾರೀಖಿಗೆ ಬರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಮೊದಲು ಹೋಗಿದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಆಗ ಶೇ. 8.2 ಬಡ್ಡಿ. ಮಿತಿಯನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದರು. ನನಗಿನ್ನೂ 60 ಆಗಿಲ್ಲವಲ್ಲ, ಹೇಗೆ ಅಂತ ಸುಮ್ನೆ ಕೂತಿದ್ದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಸಿಗುವ ಸ್ನೇಹಿತರೊಬ್ಬರು ನಿಂತುಬಿಟ್ಟರು. '55 ದಾಟಿ ರಿಟೈರ್ ಆದವರಿಗೂ ಕೊಡ್ತಾರೆ ಕಣ್ರೀ. ಆದ್ರೆ ದುಡ್ಡು ಕೈಗೆ ಬಂದ ಒಂದು ತಿಂಗಳೊಳಗೆ ಇಡ್ಬೇಕು. ನಿಮ್ಗೆ ಯಾವತ್ತು ಬಂತು?' ಗ್ರಾಚ್ಯುಟಿ ಜುಲೈ 7ಕ್ಕೆ ಬಂದಿತ್ತು. ಅವರು ಕೇಳಿದ್ದು ಜುಲೈ 20ಕ್ಕೆ!

ಇದಕ್ಕೆ ಕಾರ್ಖಾನೆಯಿಂದ ಪತ್ರ ಬೇಕು. ಯಾವ ಹುದ್ದೆ, ಎಷ್ಟು ವರ್ಷ ಸೇವೆ, ನಿವೃತ್ತಿಗೆ ಏನೇನು ಕೊಟ್ಟರು ಎಲ್ಲ ಬರೆದಿರಬೇಕು. ಸಹಿ ಹಾಕುವವರು ರಜೆ. ಮೂರು ಸಲ ಹೂಟಗಳ್ಳಿಗೆ ಹೋಗಿಬಂದೆ. ಮೂವತ್ತು ವರ್ಷ ಕಾರ್ಡ್ ತೋರಿಸಿ ಒಳಗೆ ಹೋದ ಗೇಟಿನಲ್ಲೇ ಈಗ ವಿಸಿಟರ್ ಪಾಸ್ ಬರೆಸಬೇಕು. ಹೇಳಿಕೊಳ್ಳಲಾಗದ ಕಸಿವಿಸಿ. ಕೊನೆಗೆ ಆಗಸ್ಟ್ 4ಕ್ಕೆ ಖಾತೆ ತೆರೆದು 20 ಲಕ್ಷ ಇಟ್ಟೆ. ಅದೇ ನವೆಂಬರ್‌ನಲ್ಲಿ ಸರ್ಕಾರ ಒಂದು ತಿಂಗಳ ಗಡುವನ್ನು ಮೂರು ತಿಂಗಳು ಮಾಡಿತು. ನನ್ನ ಓಡಾಟವೆಲ್ಲ ಮುಗಿದ ಮೇಲೆ!

ಈ ಯೋಜನೆಯ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. 20 ಲಕ್ಷಕ್ಕೆ 41,000. ಒಟ್ಟಿಗೆ ಅಷ್ಟು ಬಂದರೆ ಒಟ್ಟಿಗೇ ಖರ್ಚಾಗುತ್ತದೆ, ಅದು ನನ್ನ ಗುಣ. ಅದಕ್ಕೆ ಬೇರೆ ಉಳಿತಾಯ ಖಾತೆ ಮಾಡಿ ಬಡ್ಡಿ ಅಲ್ಲಿಗೆ ಬೀಳುವ ಹಾಗೆ ಮಾಡಿದೆ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಖು 13,500 ತಾನಾಗಿ ಮನೆಖರ್ಚಿನ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ. ಮೂರು ತಿಂಗಳಿಗೆ 40,500 ಆಯಿತು. ಉಳಿದ 500 ನಮ್ಮಿಬ್ಬರ ಮಸಾಲೆ ದೋಸೆಗೆ.

ಇನ್ನು 9 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಹೆಸರಲ್ಲಿ ಇಟ್ಟೆವು. ಶೇ. 7.4, ತಿಂಗಳಿಗೆ 5,550. ಯಾವ ತಾರೀಖು ಖಾತೆ ತೆರೆಯುತ್ತೀವೋ ಆ ತಾರೀಖಿಗೇ ತಿಂಗಳು ತುಂಬುತ್ತದೆ. ನಾನು 'ನಾಳೆಯೇ ಹೋಗೋಣ' ಅಂದರೆ ನಮ್ಮ ಮನೆಯವರು ತಡೆದರು. 'ಒಂದನೇ ತಾರೀಖು ಹೇಗೂ ದುಡ್ಡಿರುತ್ತೆ ರೀ. ಇಪ್ಪತ್ತಾಗೋ ಹೊತ್ತಿಗೆ ಪರ್ಸ್ ಖಾಲಿ. 18ಕ್ಕೆ ಹೋಗೋಣ.' ಮೂವತ್ತು ವರ್ಷ ಸಂಬಳ ತಂದವನು ನಾನು, ಅದು ಯಾವತ್ತು ಮುಗಿಯುತ್ತದೆ ಅಂತ ಗೊತ್ತಿದ್ದದ್ದು ಅವರಿಗೆ. ಆಗಸ್ಟ್ 18ಕ್ಕೆ ಹೋಗಿ ತೆರೆದೆವು. ನಮ್ಮಮ್ಮನ ಕಾಲದಲ್ಲಿ ಪಾಸ್‌ಬುಕ್ ಹಿಡಿದು ಕಿಟಕಿ ಮುಂದೆ ನಿಂತರೆ ಬಡ್ಡಿಯನ್ನು ನಗದಾಗಿ ಎಣಿಸಿ ಕೊಡುತ್ತಿದ್ದರು. 2022ರ ಏಪ್ರಿಲ್‌ನಿಂದ ಅದಿಲ್ಲ, ಜೋಡಿಸಿದ ಖಾತೆಗೇ ಹೋಗುತ್ತದೆ. ಒಂದು ನೆನಪಿರಲಿ: ಮೊದಲ ವರ್ಷ ಈ ಹಣ ತೆಗೆಯಲು ಬಿಡುವುದಿಲ್ಲ. ಮೂರು ವರ್ಷದೊಳಗೆ ತೆಗೆದರೆ ಅಸಲಿನಲ್ಲೇ ಶೇ. 2 ಹಿಡಿಯುತ್ತಾರೆ, ಆಮೇಲಾದರೆ ಶೇ. 1.

ಆರ್‌ಬಿಐ ಬಾಂಡಿಗೆ ಹಾಕಿದ್ದು 3 ಲಕ್ಷ ಮಾತ್ರ. ನಾನು ತಗೊಂಡಾಗ ಶೇ. 8.05 ಇತ್ತು, ಅಂದರೆ ಜನವರಿ ಒಂದಕ್ಕೆ, ಜುಲೈ ಒಂದಕ್ಕೆ 12,075. ಇದರ ದರ ಆರು ತಿಂಗಳಿಗೊಮ್ಮೆ ಬದಲಾಗಬಹುದು, ಮಿಕ್ಕೆರಡರದ್ದು ಐದು ವರ್ಷಕ್ಕೆ ಗಟ್ಟಿ. ಏಳು ವರ್ಷ ಕಟ್ಟಿಹಾಕಿದ ಹಾಗೆ, ಅದಕ್ಕೇ ಜಾಸ್ತಿ ಹಾಕಲಿಲ್ಲ. ಜನವರಿಯದ್ದನ್ನು ಮುಟ್ಟುವುದಿಲ್ಲ. ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟಿದರೆ ಪಾಲಿಕೆ ಶೇ. 5 ರಿಯಾಯಿತಿ ಕೊಡುತ್ತದೆ, ಅದಕ್ಕೆ ಎತ್ತಿಟ್ಟಿರುತ್ತೇನೆ. ಜುಲೈಯದ್ದು ದಸರೆಗೆ. ಮೈಸೂರಲ್ಲಿ ಮನೆ ಇರುವವರಿಗೆ ಗೊತ್ತು, ವರ್ಷವಿಡೀ ಫೋನ್ ಮಾಡದ ನೆಂಟರೂ ಜಂಬೂಸವಾರಿ ಹಿಂದಿನ ದಿನ ಬ್ಯಾಗ್ ಸಮೇತ ಬಾಗಿಲಲ್ಲಿರುತ್ತಾರೆ.

ಉಳಿದ 4 ಲಕ್ಷ ಬ್ಯಾಂಕ್ ಎಫ್‌ಡಿ, ಆಸ್ಪತ್ರೆಗೆ ಅಂತ. ಒಂದೇ ರಸೀದಿ ಮಾಡದೆ ಲಕ್ಷದ ನಾಲ್ಕು ಮಾಡಿಸಿದ್ದೇನೆ. ಒಂದು ಮುರಿದರೆ ಮೂರು ಉಳಿಯುತ್ತವೆ, ಅಲ್ವಾ? ಮ್ಯೂಚುಯಲ್ ಫಂಡಿನಿಂದ ತಿಂಗಳು ತಿಂಗಳು ತೆಗೆಯುವ ದಾರಿ ಕೆಲವರಿಗೆ ಚೆನ್ನಾಗಿ ನಡೆದಿದೆ. ಮಾರುಕಟ್ಟೆ ಬಿದ್ದ ತಿಂಗಳು ಅಸಲೇ ಕರಗುತ್ತದೆ ಅನ್ನುವುದನ್ನು ನೋಡಿಕೊಂಡು ಕೂರುವ ಗುಂಡಿಗೆ ನನಗಿಲ್ಲ.

ತೆರಿಗೆ ವಿಷಯದಲ್ಲಿ ಮತ್ತೆ ಎಡವಿದೆ. 'ನನ್ನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ' ಅಂತ ಬರೆದುಕೊಡುವ 15ಜಿ ಫಾರಂ ಅನ್ನು ಮೊದಲ ವರ್ಷ ಕೊಡಲು ಮರೆತೆ. ಜನವರಿಯಲ್ಲಿ 41,000 ಬರಬೇಕಾದಲ್ಲಿ 36,900 ಬಂತು. ಬಡ್ಡಿಯಲ್ಲಿ ಶೇ. 10 ಟಿಡಿಎಸ್ ಹಿಡಿದಿದ್ದರು. ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬಂತು, ಆದರೆ ಆ ಮೂರು ತಿಂಗಳು ಎಫ್‌ಡಿ ಬಡ್ಡಿಗೆ ಕೈ ಹಾಕಬೇಕಾಯಿತು.

ಇದರಲ್ಲಿ ನನಗೆ ಸಮಾಧಾನವಿಲ್ಲದ ಜಾಗ ಒಂದಿದೆ. 2023ರಲ್ಲೂ 5,550, 2028ರಲ್ಲೂ 5,550. ಅಕ್ಕಿ ಅಂಗಡಿಯವನಿಗೆ ಅದು ಗೊತ್ತಿಲ್ಲ. ಹೋದ ವರ್ಷದಿಂದ ಖರ್ಚು ಕಡಿಮೆಯಾದ ತಿಂಗಳಲ್ಲಿ ಮಿಕ್ಕಿದ್ದನ್ನು ಬೇರೆ ಎತ್ತಿಡುತ್ತಿದ್ದೇವೆ. 2028ರ ಆಗಸ್ಟ್‌ನಲ್ಲಿ ಎರಡೂ ಖಾತೆ ಒಟ್ಟಿಗೆ ಮುಗಿಯುತ್ತವೆ. 4 ಮತ್ತು 18, ಎರಡೂ ತಾರೀಖನ್ನು ನಮ್ಮ ಮನೆಯವರು ಅಡುಗೆಮನೆ ಬೀರುವಿನ ಒಳಬಾಗಿಲಿಗೆ ಪೆನ್ನಲ್ಲಿ ಬರೆದಿಟ್ಟಿದ್ದಾರೆ, ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ.