ರೇಸಿಂಗ್ ಆಯಿಲಾ, ರೋಡ್ ಆಯಿಲಾ? ಡಬ್ಬದ ಹಿಂಬದಿ ಓದಿ ಆರಿಸಿ

ಗಾಡಿ ಸ್ವಲ್ಪ ಜೋರಾಗಿ ಓಡುವಂಥದ್ದಾದರೆ ಸಾಕು, ಅದಕ್ಕೆ ರೇಸಿಂಗ್ ಆಯಿಲ್ ಹಾಕಬೇಕು ಅಂತ ಮನಸ್ಸು ಎಳೆಯುತ್ತದೆ. ಟರ್ಬೊ ಇದೆ, ಟ್ಯೂನ್ ಬೇರೆ ಮಾಡಿಸಿದ್ದೇನೆ, ರೇಸಿನವರು ಹಾಕುವ ಆಯಿಲ್ ನಮ್ಮ ಗಾಡಿಗೂ ಒಳ್ಳೆಯದೇ ಅಲ್ವಾ? ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ಆಯಿಲ್ ಹಾಕಿದ ಮೇಲೆ ಎಷ್ಟು ದಿನ ಒಳಗೆ ಬಿಡುತ್ತೀರಿ, ಅಷ್ಟು ದಿನ ಗಾಡಿ ಏನು ಮಾಡುತ್ತಿರುತ್ತದೆ? ಪವರ್ ಎಷ್ಟು ಅನ್ನುವುದು ಆಮೇಲಿನ ಮಾತು.

ರೇಸಿಂಗ್ ಆಯಿಲ್ ಇಂಜಿನ್ ಒಳಗೆ ಇರುವುದೇ ಕೆಲವು ಗಂಟೆ. ರೇಸ್ ಮುಗಿಯಿತು, ಬೋಲ್ಟ್ ಬಿಚ್ಚಿದರು, ಸುರಿದರು. ಆ ಕೆಲವು ಗಂಟೆ ವಿಪರೀತ ಬಿಸಿ, ವಿಪರೀತ ಒತ್ತಡ ತಡೆದುಕೊಂಡರೆ ಅದರ ಕೆಲಸ ಮುಗಿದಂತೆ. ನಮ್ಮ ರೋಡ್ ಗಾಡಿಯ ಆಯಿಲ್‌ಗೆ ಆ ಭಾಗ್ಯ ಇಲ್ಲ. ತಿಂಗಳುಗಟ್ಟಲೆ ಒಳಗೇ ಇರಬೇಕು. ಬೆಳಗ್ಗೆ ತಣ್ಣಗಿರುವ ಇಂಜಿನ್‌ನಲ್ಲಿ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ತನಕ ಬೇಗ ಹತ್ತಬೇಕು, ಟ್ರಾಫಿಕ್‌ನಲ್ಲಿ ನಿಂತು ನಿಂತು ಬೇಯಬೇಕು, ಮಸಿ ಹಿಡಿದಿಟ್ಟುಕೊಳ್ಳಬೇಕು, ಗಾಡಿ ಎರಡು ವಾರ ನಿಂತರೂ ತುಕ್ಕು ಬರದಂತೆ ಕಾಯಬೇಕು.

ಆದ್ದರಿಂದಲೇ ಎರಡರಲ್ಲೂ ಬೆರೆಸುವ ಮಸಾಲೆ ಬೇರೆ ಬೇರೆ. ಲೋಹ ಲೋಹಕ್ಕೆ ಉಜ್ಜದಂತೆ ಕಾಯಲು ಆಯಿಲ್‌ನಲ್ಲಿ ಝಡ್‌ಡಿಡಿಪಿ ಅನ್ನುವ ಸತು ಮತ್ತು ರಂಜಕದ ಸಂಯುಕ್ತ ಇರುತ್ತದೆ. ಮೆಕ್ಯಾನಿಕ್‌ಗಳು ಸುಮ್ನೆ ಝಿಂಕ್ ಅಂತಾರೆ. ಬಿಸಿ ಮತ್ತು ಒತ್ತಡ ಬಿದ್ದ ಜಾಗದಲ್ಲಿ ಅದು ಒಡೆದು ಲೋಹದ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಲೋಹ ಸವೆಯುವ ಬದಲು ಆ ಪದರ ಸವೆಯುತ್ತದೆ. ಇಂಜಿನ್ ಶುಚಿಯಾಗಿಡುವ ಡಿಟರ್ಜೆಂಟ್‌ಗೂ ಅಂಟಿಕೊಳ್ಳಲು ಅದೇ ಲೋಹದ ಮೇಲ್ಮೈ ಬೇಕು. ಒಂದಕ್ಕೊಂದು ಜಾಗಕ್ಕಾಗಿ ಪೈಪೋಟಿ. ರೇಸಿಂಗ್ ಆಯಿಲ್ ಮಾಡುವವರು ಝಿಂಕ್ ಜಾಸ್ತಿ ಮಾಡಿ ಡಿಟರ್ಜೆಂಟ್ ಕಡಿಮೆ ಮಾಡುತ್ತಾರೆ. ನಾಳೆ ಸುರಿಯುವ ಆಯಿಲ್‌ಗೆ ಶುಚಿ ಮಾಡುವ ಶಕ್ತಿ ಯಾಕೆ ಬೇಕು?

ರೋಡ್ ಆಯಿಲ್‌ನಲ್ಲಿ ಝಿಂಕ್ ಕಡಿಮೆ ಮಾಡಿರುವುದಕ್ಕೂ ಕಾರಣ ಇದೆ. ಇಂಜಿನ್ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತಲೇ ಇರುತ್ತದೆ. ಅದರ ಜೊತೆ ರಂಜಕ ಹೊಗೆಯಲ್ಲಿ ಹೋಗಿ, ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಪ್ಲಾಟಿನಂ, ಪಲ್ಲಾಡಿಯಂ ಮೇಲೆ ಕೂತು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆದ್ದರಿಂದ 5ಡಬ್ಲ್ಯೂ-30ರಂತಹ ತೆಳು ಗ್ರೇಡ್‌ಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ಮಾನದಂಡ ರಂಜಕವನ್ನು ಶೇಕಡಾ 0.08ಕ್ಕೆ, ಅಂದರೆ 800 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 800) ಮಿತಿ ಹಾಕಿದೆ. ರೇಸಿಂಗ್ ಆಯಿಲ್‌ಗೆ ಈ ಕಟ್ಟುಪಾಡು ಇಲ್ಲ.

ನನ್ನ ಸ್ನೇಹಿತನೊಬ್ಬ ತುಂಬಾ ಪ್ರೀತಿಯಿಂದ ತನ್ನ ಕಾರಿಗೆ ಅಪ್ಪಟ ರೇಸಿಂಗ್ ಆಯಿಲ್ ಹಾಕಿದ್ದ. ಕಾರು ಓಡುತ್ತಿದ್ದದ್ದು ದಿನಕ್ಕೆ ನಾಲ್ಕೈದು ಕಿಲೋಮೀಟರ್, ಕೆಲವು ವಾರ ಅದೂ ಇಲ್ಲ. ಕೆಲವು ತಿಂಗಳ ನಂತರ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದರೆ ಒಳಗೆಲ್ಲ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ. ಮೇಲಿನ ಕವರ್ ಬಿಚ್ಚಿದಾಗ ಕ್ಯಾಮ್ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ. ಬೆರಳಿನಿಂದ ಉಜ್ಜಿದರೆ ಪುಡಿ ಬಂತು. ತುಕ್ಕು. ಅವತ್ತು ಅವನ ಮುಖ ನೋಡಿ ನನಗೇ ಹೊಟ್ಟೆ ಉರಿಯಿತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋದರೂ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಆವಿ ಆಯಿಲ್‌ಗೆ ಇಳಿಯುತ್ತದೆ, ಇಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದರೆ ಮಾತ್ರ ಅದು ಆರಿ ಹೋಗುತ್ತದೆ. ಕಡಿಮೆ ದೂರ ಓಡುವ ಯಾವ ಗಾಡಿಯಲ್ಲೂ ಆ ಕೆನೆ ಕಾಣಬಹುದು. ಆದರೆ ರೋಡ್ ಆಯಿಲ್‌ನಲ್ಲಿ ತುಕ್ಕು ತಡೆಯುವ, ಆಮ್ಲವನ್ನು ಸುಮ್ಮನಾಗಿಸುವ ಅಂಶ ಸಾಕಷ್ಟು ಇರುತ್ತದೆ. ರೇಸಿಂಗ್ ಆಯಿಲ್‌ನಲ್ಲಿ ಅದನ್ನೇ ಕಡಿಮೆ ಮಾಡಿರುತ್ತಾರೆ.

ಈಗ ಡಬ್ಬ ಕೈಗೆತ್ತಿಕೊಳ್ಳಿ. ಮುಂದೆ ರೇಸಿಂಗ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ನಂಬಬೇಡಿ, ಹೆದರಲೂ ಬೇಡಿ. ಎಷ್ಟೋ ಡಬ್ಬಗಳ ಮೇಲೆ ಅದು ಬರೀ ಹೆಸರು, ಒಳಗಿರುವುದು ಒಳ್ಳೆಯ ರೋಡ್ ಆಯಿಲ್. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಎಪಿಐ ಎಸ್‌ಎನ್, ಎಸ್‌ಪಿ, ಎಸ್‌ಕ್ಯೂ, ಯುರೋಪಿನ ಕಾರು ಕಂಪನಿಗಳ ಸಂಘ ಎಸಿಇಎಯ ಎ3/ಬಿ4 ಅಥವಾ ಸಿ3, ಇಲ್ಲವೇ ಕಾರು ಕಂಪನಿಯ ಅಪ್ರೂವಲ್ ನಂಬರ್ ಇದ್ದರೆ ಅದು ರಸ್ತೆಗೆ ಮಾಡಿದ್ದು. ಇವು ಯಾವುದೂ ಇಲ್ಲದೆ, ಸ್ಪರ್ಧೆಯಲ್ಲಿ ಮಾತ್ರ ಬಳಸಿ ಅಂತ ಬರೆದಿದ್ದರೆ ಅದು ನಿಜವಾದ ರೇಸಿಂಗ್ ಆಯಿಲ್. ದಿನಾ ಓಡಿಸುವ ಗಾಡಿಗೆ ಬೇಡವೇ ಬೇಡ.

ಟರ್ಬೊ ಜೊತೆ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸಿಂಪಡಿಸುವುದು) ಇರುವ ಪೆಟ್ರೋಲ್ ಕಾರಿದ್ದರೆ ಇನ್ನೂ ಹುಷಾರು. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿಗಳು ಸ್ಪಾರ್ಕ್ ಬರುವ ಮೊದಲೇ ಹತ್ತಿಕೊಳ್ಳುವ ತೊಂದರೆ ಈ ಇಂಜಿನ್‌ಗಳಲ್ಲಿದೆ. ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಡಿಟರ್ಜೆಂಟ್‌ನ ಕ್ಯಾಲ್ಸಿಯಂ ಜಾಸ್ತಿಯಾದರೆ ಇದು ಹೆಚ್ಚುತ್ತದೆ. ಹಾಗಾಗಿ 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಇಂಥ ಕಾರಿಗೆ ಎಸ್‌ಪಿ ಅಥವಾ ಅದರ ನಂತರದ ಎಸ್‌ಕ್ಯೂ, ಇಲ್ಲವೇ ಕಂಪನಿ ಕೇಳಿದ ಅಪ್ರೂವಲ್ ಇರುವ ಆಯಿಲ್ ಮಾತ್ರ ಹಾಕಿ.

ಸರಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಟ್ರ್ಯಾಕ್‌ಗೆ ಹೋಗುತ್ತೀರಿ ಅಂದುಕೊಳ್ಳೋಣ. ಅದಕ್ಕೂ ಒಳ್ಳೆಯ ಫುಲ್ ಸಿಂಥೆಟಿಕ್ ರೋಡ್ ಆಯಿಲೇ ಸಾಕು, ಗ್ರೇಡ್ ಮಾತ್ರ ಯೋಚಿಸಿ ಆರಿಸಿ. 5ಡಬ್ಲ್ಯೂ-40ರಲ್ಲಿ ಮೊದಲ ಭಾಗ ಚಳಿಯಲ್ಲಿ ಹರಿಯುವ ಗುಣ ಹೇಳುತ್ತದೆ, ಕೊನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಅನ್ನುವುದನ್ನು. ಟ್ರ್ಯಾಕ್‌ನಲ್ಲಿ ಆಯಿಲ್ 120, 130 ಡಿಗ್ರಿ ದಾಟುವುದು ಅಪರೂಪ ಅಲ್ಲ, ಆಗ ಅದು ಇನ್ನೂ ತೆಳುವಾಗುತ್ತದೆ. ಬೇರಿಂಗ್ ಒಳಗಿನ ಆಯಿಲ್ ಪದರ ಉಳಿಯುತ್ತದಾ ಅಂತ ತಿಳಿಯಲು ಎಚ್‌ಟಿಎಚ್‌ಎಸ್ ಅನ್ನುವ ಅಳತೆ ನೋಡಿ. 150 ಡಿಗ್ರಿಯಲ್ಲಿ, ಜೋರಾಗಿ ಉಜ್ಜುವಾಗ ಇರುವ ದಪ್ಪ ಅದು. 30 ಗ್ರೇಡ್‌ಗೆ ಕನಿಷ್ಠ 2.9 ಇದ್ದರೆ ಸಾಕು. ಎ3/ಬಿ4, ಸಿ3 ಆಯಿಲ್‌ಗಳಿಗೆ ಕನಿಷ್ಠ 3.5 ಬೇಕು. ನಿಮ್ಮ ಮ್ಯಾನ್ಯುಯಲ್ 30 ಮತ್ತು 40 ಎರಡನ್ನೂ ಒಪ್ಪುತ್ತದೆ ಅಂದರೆ ಟ್ರ್ಯಾಕ್‌ಗೆ 40 ಹಾಕಿ. ಅದಕ್ಕಿಂತ ದಪ್ಪಕ್ಕೆ ಸುಮ್ಮನೆ ಹೋಗಬೇಡಿ. ದಪ್ಪ ಆಯಿಲ್ ನಿಧಾನವಾಗಿ ಹರಿಯುತ್ತದೆ, ಪಂಪ್‌ಗೂ ಭಾರ. ಪ್ರತಿ ಸಲ 130ರ ಮೇಲೆಯೇ ಹೋಗುತ್ತಿದ್ದರೆ ನಿಮಗೆ ಬೇಕಿರುವುದು ಆಯಿಲ್ ಕೂಲರ್.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಮರೆಯುತ್ತಾರೆ. ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಆಯಿಲ್ ಬಿಸಿಯಾಗಿರುವುದಿಲ್ಲ. ಅದಕ್ಕೆ ಇನ್ನೂ ಐದು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ ಇಂಜಿನ್ ಹಿಂಡಬೇಡಿ. ಜೋರು ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಓಡಿ ಪಂಪ್ ಗಾಳಿ ಎಳೆಯಬಾರದು ಅಂದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆಗೆ ಇರಲಿ. ಅದನ್ನು ದಾಟಬಾರದು, ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

ಬೈಕ್‌ನವರ ಲೆಕ್ಕ ಬೇರೆ. ಹೆಚ್ಚಿನ ಬೈಕ್‌ಗಳಲ್ಲಿ ಇಂಜಿನ್, ಗೇರ್, ಕ್ಲಚ್ ಎಲ್ಲಕ್ಕೂ ಒಂದೇ ಆಯಿಲ್. ಕಾರಿನ ಮೈಲೇಜ್ ಹೆಚ್ಚಿಸಲೆಂದು ಮಾಡಿದ ಆಯಿಲ್ ಹಾಕಿದರೆ ಅದರ ಜಾರುವ ಗುಣಕ್ಕೆ ಕ್ಲಚ್ ಪ್ಲೇಟ್ ಜಾರಬಹುದು. ಆಕ್ಸಿಲರೇಟರ್ ತಿರುಗಿಸಿದರೆ ಆರ್‌ಪಿಎಂ ಏರುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ. ಹಿಂದಿನ ಲೇಬಲ್‌ನಲ್ಲಿ ಜಪಾನಿನ ವಾಹನ ಮಾನದಂಡ ಜಾಸೊದ ಎಂಎ ಅಥವಾ ಎಂಎ2 ಇರಲೇಬೇಕು. ಜೋರು ಬೈಕ್‌ಗೆ ನಾನು ಎಂಎ2 ಹುಡುಕುತ್ತೇನೆ, ಅದರಲ್ಲಿ ಕ್ಲಚ್ ಹಿಡಿತ ಇನ್ನೂ ಗಟ್ಟಿ. ಗೇರ್‌ಗಳು ಆಯಿಲ್ ಅನ್ನು ಅರೆದು ಅರೆದು ಬೇಗ ತೆಳು ಮಾಡುತ್ತವೆ. ಗೇರ್ ಬೀಳುವಾಗ ಮೊದಲಿಲ್ಲದ ಗಡಸು ಬಂದರೆ ಆಯಿಲ್ ಬದಲಿಸುವ ಹೊತ್ತಾಗಿರಬಹುದು.

ಹಾಗಾದರೆ ರೇಸಿಂಗ್ ಆಯಿಲ್ ಯಾರಿಗೆ? ಗಾಡಿ ಟ್ರ್ಯಾಕ್‌ಗೆ ಮಾತ್ರ ಹೋಗುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಪ್ರತಿ ರೇಸ್ ಆದ ಮೇಲೆ ಆಯಿಲ್ ಸುರಿಯುತ್ತೀರಿ ಅಂದರೆ ಧೈರ್ಯವಾಗಿ ಹಾಕಿ. ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್ (ಕ್ಯಾಮ್ ಉಜ್ಜುತ್ತಾ ವಾಲ್ವ್ ಕಡೆ ತಳ್ಳುವ ಭಾಗ), ಗಟ್ಟಿ ವಾಲ್ವ್ ಸ್ಪ್ರಿಂಗ್ ಇರುವ ಹಳೆಯ ಇಂಜಿನ್‌ಗೆ ಆ ಜಾಸ್ತಿ ಝಿಂಕ್ ನಿಜಕ್ಕೂ ಬೇಕು. ಅಂಥ ಹಳೆ ಗಾಡಿ ರಸ್ತೆಯಲ್ಲೂ ಓಡುತ್ತದೆ ಅಂದರೆ ಝಿಂಕ್ ಜೊತೆ ಡಿಟರ್ಜೆಂಟ್ ಕೂಡ ಇರುವ ಆಯಿಲ್ ಸಿಗುತ್ತದೆ, ಅದನ್ನು ಹುಡುಕಿ. ಸಾಮಾನ್ಯ ಆಯಿಲ್‌ಗೆ ಝಿಂಕ್ ಬಾಟಲಿ ಬೇರೆ ತಂದು ಸುರಿಯುವುದು ನನಗೆ ಒಪ್ಪಿಗೆ ಇಲ್ಲ, ಕಂಪನಿಯವರು ಅಳೆದು ಬೆರೆಸಿದ ಹದ ಕೆಡುತ್ತದೆ. ಸೀಸನ್ ಮುಗಿದು ಗಾಡಿ ನಿಲ್ಲಿಸುವಾಗ ರೇಸಿಂಗ್ ಆಯಿಲ್ ತೆಗೆದು ರೋಡ್ ಆಯಿಲ್ ತುಂಬಿ, ಹತ್ತು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿ.

ರೋಡ್ ಆಯಿಲ್‌ನಲ್ಲೇ ಟ್ರ್ಯಾಕ್‌ಗೆ ಹೋಗಿ ಬಂದವರು ಮಾಮೂಲಿ ಕಿಲೋಮೀಟರ್ ಲೆಕ್ಕ ಕಾಯಬೇಡಿ, ಬೇಗ ಬದಲಿಸಿ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಅವತ್ತೇ ಬದಲಿಸಿ. ಬರೀ ಕಪ್ಪಾಗಿದೆ ಅಂತ ಗಾಬರಿ ಬೇಡ, ಡಿಟರ್ಜೆಂಟ್ ಮಸಿ ಹಿಡಿದಿಟ್ಟುಕೊಂಡರೂ ಆಯಿಲ್ ಕಪ್ಪಾಗುತ್ತದೆ. ಹಳೆಯ ಫಿಲ್ಟರ್ ಎಸೆಯುವ ಮೊದಲು ಅದರ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಆಯಿಲ್ ಹಿಂಡಿ ಬಿಸಿಲಿಗೆ ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಮಿಣುಕು ಇದ್ದರೆ ಪರವಾಗಿಲ್ಲ. ಚಕ್ಕೆ ಕಂಡರೆ ಅಯಸ್ಕಾಂತ ತಾಗಿಸಿ. ಅಂಟಿದರೆ ಕಬ್ಬಿಣ, ಕ್ಯಾಮ್ ಅಥವಾ ಗೇರ್ ಕಡೆ ನೋಡಬೇಕು. ಅಂಟದೆ ಹೊಳೆಯುತ್ತಿದ್ದರೆ ಬೇರಿಂಗ್ ಇರಬಹುದು, ಇಂಜಿನ್ ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಆ ಕಾಗದವನ್ನೇ ತೋರಿಸಿ.