ಮರಳಿನ ಮೂಟೆ

ನನ್ನ ಮೇಜಿನ ಮೇಲೆ ಅಂಗೈಗಿಂತ ತುಸು ದೊಡ್ಡದಾದ ಚರ್ಮದ ಮೂಟೆಯೊಂದಿದೆ. ಒಳಗೆ ಜರಡಿ ಹಿಡಿದ ಹೊಳೆ ಮರಳು. ಸೋಮವಾರಪೇಟೆ ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಸುತ್ತು ಹೊಲಿಸಿಕೊಂಡದ್ದು. ಕಾಗದದ ಮೇಲೆ ಚಿತ್ರ ಒತ್ತುವ ಮರದ ಅಚ್ಚನ್ನು ಇದರ ಮೇಲಿಟ್ಟು ಕೊರೆಯಬೇಕು. ಗೆರೆ ಬಾಗಬೇಕೆಂದರೆ ಉಳಿ ಹಿಡಿದ ಕೈ ತಿರುಗಬಾರದು, ಎಡಗೈ ಮರವನ್ನು ತಿರುಗಿಸಬೇಕು. ಇಷ್ಟು ತಲೆಗೆ ಹತ್ತಲು ನನಗೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಗಣಪತಿಗಳ ಸೊಂಡಿಲು ಹಾಳು ಮಾಡಿದೆನೋ ಲೆಕ್ಕವಿಲ್ಲ.

ಮೂಟೆ ನೋಡಿದ ದಿನ ಹೆಂಡತಿ, ‘ಇಲ್ಲೂ ಮೋರ್ಚಾ ಕಟ್ಕೊಂಡ್ರಾ?’ ಎಂದಿದ್ದಳು. ಮೋರ್ಚಾ ಎಂದರೆ ಗುಂಡಿಗೆ ಅಡ್ಡವಾಗಿ ನಾವು ಸೈನಿಕರು ಮೂಟೆ ಪೇರಿಸಿ ಕಟ್ಟುವ ಗೋಡೆ.

1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಾನು ದ್ರಾಸ್‌ನಲ್ಲಿ ಬೋಫೋರ್ಸ್ ತೋಪಿನ ತಂಡದಲ್ಲಿದ್ದೆ. ಹೋದ ತಕ್ಷಣದ ಕೆಲಸ ಗುಂಡು ಹಾರಿಸುವುದಲ್ಲ, ಮೂಟೆ ತುಂಬುವುದು. ಅಲ್ಲಿ ಮರಳೆಲ್ಲಿ ಬರಬೇಕು? ಜಲ್ಲಿ, ಹೆಂಟೆ, ಕೈಗೆ ಸಿಕ್ಕಿದ್ದು. ತೊಲೊಲಿಂಗ್ ಬೆಟ್ಟ ನಮ್ಮ ಕೈಗೆ ಬಂದದ್ದು ಆ ತಿಂಗಳ 13ಕ್ಕೆ, ಟೈಗರ್ ಹಿಲ್ ಜುಲೈ 4ಕ್ಕೆ. ಹತ್ತಿದವರು ಬೇರೆ, ನಾವು ಕೆಳಗೆ ಹೆದ್ದಾರಿ ಪಕ್ಕ. 40 ಕೆಜಿಗೂ ಮಿಕ್ಕ ಗುಂಡು ಎತ್ತು, ತುಂಬು, ಕಿವಿ ಮುಚ್ಚು. ಮತ್ತೆ ಎತ್ತು. ಅಂದಿನಿಂದ ನನ್ನ ಬಲಗಿವಿಯಲ್ಲಿ ಒಂದು ಜೀರುಂಡೆ ಕೂತಿದೆ. ಕೊಡಗಿನವನಿಗೆ ಇದು ಅಂಥ ತೊಂದರೆಯೇನಲ್ಲ, ಹೊರಗೂ ಅದೇ ಸದ್ದು.

ಹವಾಲ್ದಾರ್ ಆಗಿ ಪೆನ್ಷನ್ ಬಂದ ಮೇಲೆ ಎಲ್ಲರಂತೆ ನಾನೂ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತೆ. ಪಕ್ಕದಲ್ಲೊಂದು ಹಳೆ ಪ್ರಿಂಟಿಂಗ್ ಪ್ರೆಸ್ ಇತ್ತು. ಅಕ್ಷರದ ಅಚ್ಚುಮೊಳೆ ಜೋಡಿಸಿ, ಕಾಲಲ್ಲಿ ತುಳಿದು ಬಿಲ್ ಬುಕ್ಕು, ಲಗ್ನಪತ್ರಿಕೆ ಹೊಡೆಯುತ್ತಿದ್ದರು. ಆಫ್‌ಸೆಟ್ ಬಂದು ಅದು ಮುಚ್ಚಿದಾಗ ಮೊಳೆಗಳೆಲ್ಲ ತೂಕಕ್ಕೆ ಹೋದವು. ಗುಜರಿ ರಾಶಿಯಲ್ಲಿ ಒಂದು ಮರದ ಗಣಪತಿ ಅಚ್ಚು ಸಿಕ್ಕಿತು. ಮಸಿ ಒರೆಸಿ ನೋಡಿದರೆ ಚಿತ್ರದ ಹಿಂದೆ ಮರದ ಉಂಗುರಗಳು! ಹಲಗೆಯ ಉದ್ದ ಮುಖದಲ್ಲಿ ಕೆತ್ತಿದ್ದಲ್ಲ, ಕಾಂಡವನ್ನು ಅಡ್ಡ ಕೊಯ್ದ ಮುಖದಲ್ಲಿ ಕೊರೆದದ್ದು. ಅಲ್ಲಿಂದ ಈ ಹುಚ್ಚು ಶುರುವಾಯಿತು.

ಕೆತ್ತನೆ ಎಂದರೆ ನಮ್ಮ ಕಡೆ ಜನ ಗಂಧದ ಆನೆ ಕೇಳುತ್ತಾರೆ. ಇದು ಆ ಕೆಲಸವಲ್ಲ. ಅಡ್ಡ ಕೊಯ್ದ ಮುಖದಲ್ಲಿ ನಾರು ನೆಟ್ಟಗೆ ನಿಂತಿರುತ್ತದೆ, ಹಾಗಾಗಿ ಉಳಿ ಯಾವ ದಿಕ್ಕಿಗೆ ಹೋದರೂ ಸಿಬಿರು ಏಳುವುದಿಲ್ಲ. ಕೂದಲೆಳೆಯಂಥ ಗೆರೆ ಎಳೆಯಬಹುದು. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಥಾಮಸ್ ಬ್ಯೂಯಿಕ್ ಎಂಬಾತ ಬಾಕ್ಸ್‌ವುಡ್ ಮರದಲ್ಲಿ ಹಕ್ಕಿಯ ಒಂದೊಂದು ಪುಕ್ಕವನ್ನೂ ಹೀಗೇ ತೆಗೆದ. ಕೊರೆದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಕಗ್ಗತ್ತಲೆಯಿಂದ ಶುರು ಮಾಡಿ ಒಂದೊಂದೇ ಗೆರೆ ಬೆಳಕು ಬಿಡುತ್ತಾ ಹೋಗಬೇಕು. ರಾತ್ರಿ ತೋಪು ಹಾರಿದಾಗ ಕ್ಷಣಮಾತ್ರ ಬೆಟ್ಟದ ಅಂಚು ಕಂಡು ಮಾಯವಾಗುವುದನ್ನು ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಬಾಕ್ಸ್‌ವುಡ್‌ಗೆ ನಾನೆಲ್ಲಿ ಹೋಗಲಿ? ಕಾಫಿ ಬುಡ ಕೊಯ್ದೆ, ಗಟ್ಟಿ ಇದೆ, ಆದರೆ ಡೊಂಕು. ಸೀಬೆ ಪರವಾಗಿಲ್ಲ. ಕೊನೆಗೆ ಒಗ್ಗಿದ್ದು ನಮ್ಮ ಕಿತ್ತಳೆ. ಕೊಡಗಿನ ಕಿತ್ತಳೆ ತೋಟಗಳು ಗ್ರೀನಿಂಗ್ ರೋಗಕ್ಕೆ ಸಿಕ್ಕಿ ಒಣಗಿದ್ದು ಎಲ್ಲರಿಗೂ ಗೊತ್ತು. ಸೌದೆಗೆಂದು ಕಡಿದು ಹಾಕಿದ ಆ ಮರ ಹಳದಿ ಬಣ್ಣ, ಬೆಣ್ಣೆಯಂಥ ನುಣುಪು, ಮೂಳೆಯಂಥ ಗಟ್ಟಿ. ಕಾಂಡ ಸಣ್ಣದು, ಬಿಲ್ಲೆ ಕೊಯ್ದು ಬಿಸಿಲಿಗಿಟ್ಟರೆ ಮಧ್ಯದಿಂದ ಅಂಚಿಗೆ ಬಿರುಕು ಬಿಟ್ಟೇ ಬಿಡುತ್ತದೆ. ಮೊದಲ ಇಪ್ಪತ್ತು ಬಿಲ್ಲೆ ಹೀಗೇ ಒಲೆ ಸೇರಿದವು. ಈಗ ಕೊಯ್ದ ಮುಖಗಳಿಗೆ ಮೇಣ ಬಳಿದು ಅಟ್ಟದ ಮೇಲೆ ಎರಡು ವರ್ಷ ಮರೆತುಬಿಡುತ್ತೇನೆ. ಆಮೇಲೆ ಸಣ್ಣ ಸಣ್ಣ ಚೌಕ ಕೊಯ್ದು, ಫೆವಿಕಾಲ್ ಹಾಕಿ ಜೋಡಿಸಿ, ಮುಖವನ್ನು ಕನ್ನಡಿಯಂತೆ ಉಜ್ಜುವುದು. ಉಳಿ ಕೊಟ್ಟದ್ದು ಬಳೆ ಮೇಲೆ ಹೂವು ಕೊರೆಯುವ ಅಕ್ಕಸಾಲಿಗರೊಬ್ಬರು. ‘ಚಿನ್ನ ಆದ್ರೆ ಕರಗಿಸ್ಬಹುದು ಮಿಲ್ಟ್ರಿಯವ್ರೇ, ಮರ ತಪ್ಪಿದ್ರೆ ಹೋಯ್ತು’ ಎಂದೂ ಹೇಳಿದ್ದರು.

ಅಕ್ಷರದ ಪಾಡು ಕೇಳಬೇಡಿ. ಎಲ್ಲ ತಿರುವುಮುರುವು ಕೊರೆಯಬೇಕು. ನೆಂಟರ ಮದುವೆಗೆಂದು ‘ಶ್ರೀ’ ಕೊರೆದು, ಒತ್ತೊಂದನ್ನು ಮಾತ್ರ ನೇರ ಬಿಟ್ಟಿದ್ದೆ. ಅಚ್ಚಾದ ಮೇಲೆ ಅದು ಯಾವ ಭಾಷೆಯೋ ಆಗಿತ್ತು. ಅಂದಿನಿಂದ ಅಕ್ಷರವಿದ್ದರೆ ಕನ್ನಡಿ ಮುಂದಿಟ್ಟೇ ಉಳಿ ಮುಟ್ಟುವುದು.

ಯಂತ್ರ ಇಲ್ಲ. ಗಾಜಿನ ಮೇಲೆ ಮಸಿ ಹರಡಿ ರೋಲರ್ ಓಡಿಸುತ್ತೇನೆ. ಹದ ಬಂದಾಗ ರೋಲರ್ ಸಣ್ಣಗೆ ಚಿರ್ರೆನ್ನುತ್ತದೆ, ಅದಕ್ಕೆ ಎಡಗಿವಿ ಕೊಡಬೇಕು. ತೆಳು ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಲ್ಲಿ ಅರ್ಧ ಗಂಟೆ ಉಜ್ಜಿದರೆ ಒಂದು ಪ್ರತಿ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಜೂನ್‌ನಿಂದ ಮೂರು ತಿಂಗಳು ಅಂಗಡಿ ಬಂದ್.

ಕಾಫಿ ಕುಯ್ಯುವವರು, ಸಂತೆ, ಒಲೆ ಮುಂದಿನ ಬೆಕ್ಕು ಎಲ್ಲ ಕೊರೆದಿದ್ದೇನೆ. ದ್ರಾಸ್ ಮಾತ್ರ ಕೈಗೆ ಬರುತ್ತಿರಲಿಲ್ಲ. ಬೆಟ್ಟ ಕೊರೆದರೆ ಕ್ಯಾಲೆಂಡರ್ ಚಿತ್ರ, ತೋಪು ಕೊರೆದರೆ ಮಕ್ಕಳ ಆಟಿಕೆ. ಹೋದ ವರ್ಷ ಎರಡನ್ನೂ ಬಿಟ್ಟು ಬರೀ ಮೂಟೆಗಳ ಗೋಡೆ ಕೊರೆದೆ. ಗೋಣಿಯ ಒಂದೊಂದು ಎಳೆ, ಕಟ್ಟಿದ ಬಾಯಿ, ಹಗ್ಗದ ಗಂಟು. ಎರಡೂವರೆ ತಿಂಗಳ ಕೆಲಸ. ಚೆನ್ನಾಗಿಯೇ ಬಂದಿತ್ತು ಎಂದುಕೊಂಡಿದ್ದೆ.

ನಮ್ಮ ತೋಪಿನಲ್ಲೇ ಇದ್ದ ಗೆಳೆಯನೊಬ್ಬ ಮನೆಗೆ ಬಂದಾಗ ತೋರಿಸಿದೆ. ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬ ಹೊತ್ತು ಸುಮ್ಮನಿದ್ದ. ಕಣ್ಣು ಒದ್ದೆಯಾಯಿತೇನೋ ಎಂದು ನಾನೂ ಸುಮ್ಮನಿದ್ದೆ.

‘ಮೂಟೆ ಬಾಯಿ ಹೊರಗೆ ಯಾಕೋ ಇಟ್ಟೆ? ಗೋಡೆ ಒಳಕ್ಕಲ್ವಾ ಹೋಗ್ಬೇಕು? ಟ್ರೇನಿಂಗ್ ಉಸ್ತಾದ್ ನೋಡಿದ್ರೆ ಪೂರ್ತಿ ಬಿಚ್ಚಿ ಕಟ್ಟಿಸ್ತಿದ್ರು.’

ನಿಜ. ನೋಡಲು ಚೆಂದವೆಂದು ಗಂಟುಗಳನ್ನೆಲ್ಲ ಹೊರಗೆ ಇಟ್ಟಿದ್ದೆ. ಕೊರೆದ ಮರ ವಾಪಸ್ ಬರುವುದಿಲ್ಲ, ಆದರೆ ಒಂದು ದಾರಿಯಿದೆ: ತಪ್ಪಿದ ಜಾಗಕ್ಕೆ ತೂತು ಕೊರೆದು, ಅದೇ ಮರದ ಬೆಣೆ ಬಡಿದು, ಸಮ ಮಾಡಿ ಹೊಸದಾಗಿ ಕೊರೆಯುವುದು. ಒಟ್ಟು ಹನ್ನೊಂದು ಬಾಯಿ. ಮಳೆ ಹಿಡಿಯುವ ಮೊದಲು ನಾಲ್ಕು ಮುಗಿಸಿದ್ದೇನೆ.