ಬಿಲ್ಲೂ ಇಲ್ಲ, ಎರರ್ರೂ ಇಲ್ಲ

ಕೋಲಾರ ಎಪಿಎಂಸಿಲಿ ಒಂದು ಟೊಮೆಟೊ ಮಂಡಿಯ ಕಂಪ್ಯೂಟರ್ ಕೆಲಸ ನಾನು ನೋಡ್ಕೋತೀನಿ. ಹರಾಜು ಮುಗಿದ್ಮೇಲೆ ಯಾವ ರೈತರದು ಎಷ್ಟು ಬಾಕ್ಸು, ಏನು ರೇಟು ಅಂತ ಎಂಟ್ರಿ ಆಗುತ್ತೆ, ಆಮೇಲೆ ಒಂದು ಪೈಥಾನ್ ಸ್ಕ್ರಿಪ್ಟು ಅದನ್ನೆಲ್ಲ ಎಚ್‌ಟಿಎಂಎಲ್ ಬಿಲ್ ಮಾಡಿ, ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಅನ್ನೋ ಇನ್ನೊಂದು ಪ್ರೋಗ್ರಾಂ ಕರೆದು ಪಿಡಿಎಫ್ ಮಾಡ್ಸುತ್ತೆ (ಹೆಸರು ನೋಡಿ, ಬಾಯಿಗೇ ಬರಲ್ಲ, ಇನ್ಮೇಲೆ ಡಬ್ಲ್ಯುಕೆ ಅಂತೀನಿ). ಹೊಸ ಉಬುಂಟು ಮೆಷೀನಿಗೆ ಬಂದ್ಮೇಲೆ ಟರ್ಮಿನಲ್ಲಲ್ಲಿ ಓಡ್ಸಿದ್ರೆ ಬಿಲ್ ಬರುತ್ತೆ, ಕ್ರಾನ್ (ಹೇಳಿದ ಹೊತ್ತಿಗೆ ತಾನಾಗೇ ಪ್ರೋಗ್ರಾಂ ಓಡ್ಸೋದು) ಓಡ್ಸಿದ್ರೆ ಬರಲ್ಲ, ಲಾಗ್ ಖಾಲಿ, ಎಕ್ಸಿಟ್ ಕೋಡ್ ಬೇರೆ ಸೊನ್ನೆ, ಅಂದ್ರೆ ಎಲ್ಲಾ ಸರಿಯಾಗಿದೆ ಅಂತ! ಗುಮಾಸ್ತರದು ಫೋನು, "ಅಣ್ಣಾ, ರೈತ್ರು ಬಿಲ್ ಕೇಳ್ತಾವ್ರೆ, ಇದು ಏನೂ ಹೇಳ್ತಾನೇ ಇಲ್ವಲ್ಲ" ಅಂತ.

ಕ್ರಾನ್ ಲೈನಲ್ಲೇ ಸ್ಕ್ರಿಪ್ಟ್ ಹೆಸರಿಗಿಂತ ಮುಂಚೆ ಸ್ಟ್ರೇಸ್ ಸೇರಿಸ್ದೆ, ಪ್ರೋಗ್ರಾಂ ಸಿಸ್ಟಮ್ಮನ್ನ ಏನೇನು ಕೇಳುತ್ತೆ ಅಂತ ತೋರಿಸೋ ಟೂಲ್ ಅದು. ಚೈಲ್ಡ್ ಪ್ರೋಸೆಸ್, ಅಂದ್ರೆ ಸ್ಕ್ರಿಪ್ಟ್ ಶುರು ಮಾಡೋ ಬೇರೆ ಪ್ರೋಗ್ರಾಂ, ಬೆನ್ನು ಹತ್ತೋಕೆ -ಎಫ್ ಬೇಕೇ ಬೇಕು, ಜೊತೆಗೆ ಎಕ್ಸೆಕ್‌ವಿಇ ಕಾಲ್ (ಪ್ರೋಗ್ರಾಂ ಓಡ್ಸು ಅಂತ ಕೇಳೋದು) ಮಾತ್ರ ತೋರ್ಸು ಅಂತ ಫಿಲ್ಟರ್. ನೋಡ್ಬೇಕಿದ್ದಿದ್ದು ಎರಡೇ ಸಾಲು: /ಯುಎಸ್ಆರ್/ಬಿನ್ ಒಳಗೆ ಡಬ್ಲ್ಯುಕೆ ಹುಡುಕಿದೆ, ಇಎನ್‌ಒಇಎನ್‌ಟಿ, ಅಂದ್ರೆ ಅಂಥ ಫೈಲೇ ಇಲ್ಲ, /ಬಿನ್ ಒಳಗೆ ಹುಡುಕಿದೆ, ಮತ್ತೆ ಅದೇ. ಈ ಸಲ ಹಾಕಿದ್ದು ಡಬ್ಲ್ಯುಕೆ ಪ್ರಾಜೆಕ್ಟಿನವರದೇ ಡೆಬ್ ಪ್ಯಾಕೇಜು (ಉಬುಂಟುಗೆ ಹಾಕೋ ಫೈಲು), ಅದು ಹೋಗಿ ಕೂರೋದು /ಯುಎಸ್ಆರ್/ಲೋಕಲ್/ಬಿನ್‌ನಲ್ಲಿ, ಕ್ರಾನಿನ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕೋ ಫೋಲ್ಡರ್ ಪಟ್ಟಿಲಿ) ಆ ಜಾಗ ಇಲ್ವೇ ಇಲ್ಲ. ಹಳೇ ಮೆಷೀನಲ್ಲಿ ಆಪ್ಟ್ ಇಂದ, ಅಂದ್ರೆ ಉಬುಂಟುದೇ ಭಂಡಾರದಿಂದ, ಬಂದಿದ್ದು /ಯುಎಸ್ಆರ್/ಬಿನ್‌ನಲ್ಲಿತ್ತು, ಅದಕ್ಕೇ ಅಲ್ಲಿ ತಕರಾರಿರ್ಲಿಲ್ಲ.

ಸರಿ, ಎರರ್ ಎಲ್ಲೋಯ್ತು? ಸ್ಕ್ರಿಪ್ಟ್ ತೆಗೆದ್ರೆ ಎಚ್‌ಟಿಎಂಎಲ್ ಫೈಲ್ ಓದೋದು, ಡಬ್ಲ್ಯುಕೆ ಕರೆಯೋದು ಎರಡೂ ಒಂದೇ ಟ್ರೈ (ಎರರ್ ಬಂದ್ರೆ ಹಿಡಿಯೋ ಬ್ಲಾಕು) ಒಳಗೆ, ಕೆಳಗೆ ಫೈಲ್‌ನಾಟ್‌ಫೌಂಡ್‌ಎರರ್ ಬಂದ್ರೆ ಪಾಸ್, ಅಂದ್ರೆ ಏನೂ ಮಾಡ್ದೆ ಮುಂದೆ ಹೋಗು ಅಂತ. ಬರೆದವರ ಲೆಕ್ಕ ಏನಂದ್ರೆ, ಮಾಲು ಬರದ ದಿನ ಬಿಲ್ ಫೈಲ್ ಇರಲ್ಲ, ಸುಮ್ನೆ ಬಿಟ್ಬಿಡ್ಲಿ ಅಂತ. ಆದ್ರೆ ಪೈಥಾನಿಗೆ ಬಿಲ್ ಫೈಲ್ ಸಿಗದಿದ್ರೂ ಅದೇ ಎರರ್, ಓಡಿಸ್ಬೇಕಾದ ಪ್ರೋಗ್ರಾಮೇ ಸಿಗದಿದ್ರೂ ಅದೇ ಎರರ್, ಎರಡಕ್ಕೂ ಎರರ್ ನಂಬರ್ 2. ಮಾಲಿಲ್ಲ ಅನ್ನೋದೂ ಮಿಷನ್ನೇ ಇಲ್ಲ ಅನ್ನೋದೂ ಒಂದೇ ಡಬ್ಬಿಗೆ ಬಿದ್ದೋಯ್ತು.

ಕ್ರಾನ್‌ಟ್ಯಾಬ್ (ಕ್ರಾನ್ ಏನೇನು ಓಡ್ಸಬೇಕು ಅನ್ನೋ ಪಟ್ಟಿ) ಮೇಲ್ಗಡೆ ಪಾತ್ ಪೂರ್ತಿ ಬರೆದೆ, ಪೂರ್ತಿನೇ ಬರೀಬೇಕು, ಡಾಲರ್ ಹಾಕಿ ಹಳೇ ಪಾತಿಗೆ ಸೇರ್ಸೋಕೆ ಹೋದ್ರೆ ಕ್ರಾನ್ ಅದನ್ನ ಬಿಡಿಸಲ್ಲ, ಅಕ್ಷರ ಇದ್ದಂಗೇ ತಗೊಳುತ್ತೆ. ಸ್ಕ್ರಿಪ್ಟ್ ಶುರುನಲ್ಲೇ ಪೈಥಾನಿನ ಶಟಿಲ್.ವಿಚ್ ಇಂದ ಡಬ್ಲ್ಯುಕೆ ಇದ್ಯಾ ಅಂತ ಕೇಳಿ, ಇಲ್ಲಾಂದ್ರೆ "ಪಿಡಿಎಫ್ ಮಾಡೋ ಪ್ರೋಗ್ರಾಂ ಸಿಗ್ತಿಲ್ಲ, ಇಲ್ಲೆಲ್ಲಾ ಹುಡುಕ್ದೆ" ಅಂತ ಪಾತ್ ಸಮೇತ ಲಾಗಿಗೆ ಬರೆದು 127 ಕೊಟ್ಟು ಆಚೆ ಬರೋ ಹಂಗೆ ಮಾಡ್ದೆ, ಶೆಲ್ಲೂ ಕಮಾಂಡ್ ಸಿಗದಿದ್ರೆ ಕೊಡೋದು ಅದೇ ನಂಬರ್ರು. ಡಬ್ಲ್ಯುಕೆ ಹೆಸರು ಬದಲಾಯಿಸಿ ಕ್ರಾನಲ್ಲೇ ಓಡ್ಸಿ ನೋಡ್ದೆ, ಮೆಸೇಜ್ ಬಂತು.

ಇನ್ನು ಡಬ್ಲ್ಯುಕೆ ಪ್ರಾಜೆಕ್ಟನ್ನೇ 2023ರಲ್ಲಿ ಆರ್ಕೈವ್ ಮಾಡ್ಬಿಟ್ಟವ್ರೆ, ಅಂದ್ರೆ ಕೆಲಸ ನಿಲ್ಸಿದಾರೆ, ಸೀಸನ್ ಮುಗಿದ್ಮೇಲೆ ಬೇರೆದೇನಾದ್ರೂ ನೋಡ್ಬೇಕು.